ಉಪಗ್ರಹ ದತ್ತಾಂಶ ಮತ್ತು ಜೀವವೈವಿಧ್ಯದ ಸಮೀಕ್ಷೆ

ಹಸುರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಇವೆರಡರ ಅಂತರದಿಂದ ಸಸ್ಯಾವರಣದ ಸಾಂದ್ರತೆಯನ್ನು ಗುರುತಿಸುವುದು ಉಪಗ್ರಹ ಸಮೀಕ್ಷೆಯ ಮೂಲತತ್ತ್ವ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು 1987ರಿಂದ ಪ್ರಕಟಿಸುತ್ತ ಬಂದಿರುವ ಅರಣ್ಯ ಸ್ಥಿತಿ ವರದಿಗಳಿಗೆ ಉಪಗ್ರಹ ಚಿತ್ರಗಳೇ ಮುಖ್ಯ ಆಧಾರ.

ಆದರೆ ಹಸುರಿನ ಹರವು ಬೇರೆ, ಜೀವವೈವಿಧ್ಯ ಬೇರೆ. ಆ ವರದಿಗಳ ವ್ಯಾಖ್ಯೆಯಂತೆ, ಕನಿಷ್ಠ 1 ಹೆಕ್ಟೇರು ವಿಸ್ತಾರವಿದ್ದು, ಮರಗಳ ಮೇಲಾವರಣ ಶೇ. 10ಕ್ಕೆ ಕಡಿಮೆಯಿಲ್ಲದ ಭೂಮಿಯೆಲ್ಲ ಅರಣ್ಯಾವರಣವೇ. ಮರದ ಜಾತಿಯಾಗಲಿ ಭೂಮಿಯ ಒಡೆತನವಾಗಲಿ ಗಣನೆಗೆ ಬಾರದು. ಹೀಗಾಗಿ ಕೊಡಗಿನ ನೆರಳುಮರಗಳ ಕಾಫಿ ತೋಟ, ಮಲೆನಾಡಿನ ಅಕೇಶಿಯಾ ನೆಡುತೋಪು, ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡು ಇವೆಲ್ಲ ಒಂದೇ ಲೆಕ್ಕಕ್ಕೆ ಸೇರುತ್ತವೆ. ಸ್ವಾಭಾವಿಕ ಕಾಡು ಅಳಿದ ಜಾಗದಲ್ಲಿ ನೆಡುತೋಪು ಬೆಳೆದ ಮೇಲೆ, ಒಟ್ಟು ಅಂಕಿಯಲ್ಲಿ ಆ ನಷ್ಟ ಕಾಣದು.

ಇನ್ನೊಂದು ತೊಡಕು ಅಳತೆಯದು. ಲಿಸ್-3 ಸಂವೇದಕದ ಒಂದು ಚಿತ್ರಬಿಂದುವು ನೆಲದ ಮೇಲೆ ಸುಮಾರು 23.5 ಮೀಟರಿನ ಚೌಕ. ಉತ್ತರ ಕನ್ನಡದ ತೊರೆಗಳ ಬದಿಯಲ್ಲಿ ಚಿಕ್ಕಚಿಕ್ಕ ತುಣುಕುಗಳಾಗಿ ಉಳಿದಿರುವ ರಾಮಪತ್ರೆ ಜಡ್ಡಿಗಳು ಇಂಥ ಚಿತ್ರದಲ್ಲಿ ಸುತ್ತಲ ಹಸುರಿನೊಡನೆ ಬೆರೆತುಹೋಗಬಲ್ಲವು.

ಬದಲಾವಣೆ ಎಲ್ಲಿ ನಡೆದಿದೆಯೆಂಬುದನ್ನು ಉಪಗ್ರಹವು ತೋರಿಸಬಲ್ಲದು. ಅಲ್ಲಿ ಯಾವ ಜೀವಿ ಉಳಿದಿದೆ, ಯಾವುದು ಅಳಿದಿದೆ ಎಂಬುದನ್ನು ಕ್ಷೇತ್ರಾಧ್ಯಯನವೇ ಹೇಳಬೇಕು. ಸಂರಕ್ಷಣೆಯ ನಿರ್ಧಾರಗಳು ಈ ಎರಡನ್ನೂ ಕೂಡಿಸಿ ನೋಡಿದ ನಕ್ಷೆಯನ್ನು ಆಧರಿಸಿರುವುದು ಅವಶ್ಯ.