ಒಬ್ಬಳ ಕೊಡ, ಊರಿನ ಕೊಳ

ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಸಂತೆಗೆ ಹೊರಟರೆ ಕೈಯಲ್ಲಿ ಬಟ್ಟೆಚೀಲ. ಇದನ್ನೆಲ್ಲ ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಬಿಸಿಲು ಏರಿ, ಮಳೆ ಹೊತ್ತು ತಪ್ಪಿದಾಗ, "ನಾನೊಬ್ಬಳು ಉಳಿಸಿದರೆ ಏನಾದೀತು?" ಅನ್ನಿಸದೆ ಇರುತ್ತದೆಯೇ? ಭೂಮಿ ಕಾಯಲು ಮುಖ್ಯ ಕಾರಣ ಕಲ್ಲಿದ್ದಲು, ಎಣ್ಣೆ ಸುಡುವುದು. ಅದರ ತೀರ್ಮಾನ ಆಗುವುದು ನಮ್ಮ ಅಡಿಗೆಮನೆಯಲ್ಲಲ್ಲವಲ್ಲ!

ಹಳೇಬೀಡಿನ ಹತ್ತಿರ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯಿದೆ. ಸುತ್ತ ಮೆಟ್ಟಿಲು, ನಡುನಡುವೆ ಪುಟ್ಟ ಗುಡಿಗಳು. ಅಷ್ಟು ಕಲ್ಲು ಹೊತ್ತದ್ದು ಒಂದೇ ಮನೆಯವರಲ್ಲ.

ಹಾಗೆಂದು ಒಬ್ಬರ ದುಡಿಮೆ ಸಣ್ಣದೇನಲ್ಲ. 2025ರಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕ, ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಗಂಡನೊಡನೆ ನೀರು ಹೊತ್ತು 385 ಆಲದ ಮರ ಬೆಳೆಸಿದರು. ಆದರೆ 2019ರಲ್ಲಿ ರಸ್ತೆ ಅಗಲ ಮಾಡುವ ಮಾತು ಬಂದಾಗ, ಆ ಮರಗಳನ್ನು ಉಳಿಸಿ ಎಂದು ಆ ತಾಯಿ ಸರ್ಕಾರಕ್ಕೇ ಮೊರೆಯಿಡಬೇಕಾಯಿತು. ನೆಟ್ಟದ್ದನ್ನು ಕಾಯಲು ಊರು ಬೇಕು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಹೆಂಗಸರು ಗಂಡಸರು ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತರು. ಕೊಡಲಿ ನಿಂತಿತು. ಅದೇ ಅಪ್ಪಿಕೋ ಚಳವಳಿ.

ಆದ್ದರಿಂದ ಬಟ್ಟೆಚೀಲ ಬಿಡಬೇಡಿ. ಜೊತೆಗೆ, ಸ್ತ್ರೀಶಕ್ತಿ ಸಂಘದಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಕೆರೆಯ ಮಾತನ್ನೂ ಎತ್ತಿ. ಕೂಡಿಕೊಂಡು ಗ್ರಾಮಸಭೆಗೆ ಹೋಗಿ, ಹೂಳು ಯಾವಾಗ ತೆಗೆಸುತ್ತೀರಿ ಎಂದು ಕೇಳಿ. ಒಬ್ಬಳು ಕೇಳಿದರೆ ಗೊಣಗಾಟ ಅಂತಾರೆ. ಇಪ್ಪತ್ತು ಮಂದಿ ಕೇಳಿದರೆ ಬರೆದುಕೊಳ್ತಾರೆ.