ಕೌದಿ: ಅರಿವೆಯ ಗಂಟಿನ ಸದ್ವಿನಿಯೋಗ

ಪರಪ್ರಾಂತದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಂಚದ ಕೆಳಗೋ ಅಟ್ಟದ ಮೇಲೋ ಒಂದು ಹಳೆಯ ಟ್ರಂಕು ಇದ್ದೇ ಇರುತ್ತದೆ. ಉಡಲು ಬಾರದ, ಆದರೆ ಬಿಸಾಡಲು ಮನಸ್ಸೊಪ್ಪದ ಅರಿವೆಗಳು ಅದರಲ್ಲಿ ಗಂಟುಕಟ್ಟಿಕೊಂಡಿರುತ್ತವೆ: ನಡುವೆ ಸವೆದ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಹಿರಿಯರ ಧೋತರ, ಮಕ್ಕಳ ಅಂಗಿ, ದರ್ಜಿಯ ಅಂಗಡಿಯಿಂದ ಮರಳಿ ಬಂದ ಚಿಂದಿ. ಇಂತಹ ಗಂಟಿನಿಂದ ಕೌದಿಯನ್ನು ಹೊಲಿಯುವ ಕ್ರಮವನ್ನೂ ಆ ಕ್ರಮಕ್ಕಿರುವ ಕಾರಣಗಳನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಜೊತೆಗೆ ಒಂದು ವಿನಂತಿಯೂ ಉಂಟು. ಅದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ಮೊದಲು ಹೆಸರಿನ ಮಾತು. ಉತ್ತರ ಕರ್ನಾಟಕದವರು ಕೌದಿ ಅಥವಾ ಕವುದಿ ಎನ್ನುವುದನ್ನು ಮರಾಠಿಯವರು ಗೋಧಡಿ, ವಾಕಳ ಎನ್ನುತ್ತಾರೆ. ಹಿಂದಿಯಲ್ಲಿ ಅದು ಗುದಡಿ. ಬಂಗಾಲದ ಕಾಂಥಾ, ಬಿಹಾರದ ಸುಜನಿ, ಸಿಂಧದ ರಲ್ಲಿ ಇವೆಲ್ಲವೂ ಇದರ ಸೋದರ ವಸ್ತುಗಳೇ. ಸಂಸ್ಕೃತದ ‘ಕಂಥಾ’ ಎಂಬ ಪದವು ಚಿಂದಿಯ ಹೊದಿಕೆಯನ್ನು ಸೂಚಿಸುತ್ತದೆ. ಕನ್ನಡದಲ್ಲಿ ‘ಬೊಂತೆ’ ಎಂಬ ಇನ್ನೊಂದು ಮಾತೂ ಇದೆ. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಗೆ ಆ ಹೆಸರು ಬಂದುದು ಅರಮನೆಯನ್ನು ತೊರೆದು ದಿಗಂಬರೆಯಾಗಿ ಹೊರಟ ಆಕೆಗೆ ಶಿವನು ಬೊಂತೆಯನ್ನು ಕೊಟ್ಟುದರಿಂದ ಎಂಬುದು ಐತಿಹ್ಯ. ಸರ್ವಸ್ವವನ್ನೂ ತ್ಯಜಿಸಿದ ವಿರಾಗಿಗೂ, ಆಗತಾನೆ ಹುಟ್ಟಿದ ಕೂಸಿಗೂ ಒಂದೇ ಬಗೆಯ ಹೊದಿಕೆ ಸಲ್ಲುತ್ತದೆಂಬುದು ಗಮನಾರ್ಹ.

ಕೌದಿಯನ್ನು ರಜಾಯಿಯೊಡನೆ ಸಮೀಕರಿಸಬಾರದು. ರಜಾಯಿಯಲ್ಲಿ ಎರಡು ಬಟ್ಟೆಗಳ ನಡುವೆ ಪಿಂಜಿದ ಹತ್ತಿಯಿರುತ್ತದೆ. ಕೌದಿಯಲ್ಲಿ ತುಂಬಿದ ವಸ್ತುವೇ ಇಲ್ಲ. ಪದರದ ಮೇಲೆ ಪದರವಾಗಿ ಹಳೆಯ ಬಟ್ಟೆಯೇ ಇರುತ್ತದೆ. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುತ್ತದೆ. ಬೇಸಗೆಯಲ್ಲಿ ಉಷ್ಣಮಾನವು 45 ಅಂಶಗಳನ್ನು ಮುಟ್ಟುವ, ಪುಷ್ಯಮಾಸದ ರಾತ್ರಿಗಳಲ್ಲಿ ಚಳಿ ಕಚ್ಚುವ ನಾಗಪುರದಂತಹ ಊರಿಗೆ ಇದು ಒಪ್ಪುವ ವಸ್ತು. ನಾಲ್ಕು ಪದರದ ಕೌದಿ ಚಳಿಗೆ ಹೊದೆಯಲಿಕ್ಕೆ. ಎರಡು ಪದರದ್ದು ಬೇಸಗೆಯಲ್ಲಿ ನೆಲಕ್ಕೆ ಹಾಸಲಿಕ್ಕೆ.

ಹೊಲಿಗೆಗಿಂತ ಮೊದಲು ಆಯ್ಕೆ ನಡೆಯಬೇಕು. ಗಂಟನ್ನು ಬಿಚ್ಚಿ ಪ್ರತಿಯೊಂದು ತುಂಡನ್ನೂ ಬೆಳಕಿಗೆ ಹಿಡಿಯಬೇಕು. ಸೀರೆಯು ಕೂಡುವಲ್ಲಿಯೂ ಮಡಿಕೆಯಲ್ಲಿಯೂ ಬೇಗ ಸವೆಯುತ್ತದೆ. ಅಂಚು, ಸೆರಗುಗಳು ಬಹುಕಾಲ ಗಟ್ಟಿಯಾಗಿರುತ್ತವೆ. ಆದುದರಿಂದ ಸವೆದ ಮೈಯನ್ನು ಒಳಪದರಕ್ಕೂ, ಗಟ್ಟಿ ಅಂಚನ್ನು ಕೌದಿಯ ಸುತ್ತಿನ ಪಟ್ಟಿಗೂ ಬಳಸಬೇಕು. ಹೊಸ ಚಿಂದಿಯನ್ನು ತೊಳೆಯದೆ ಸೇರಿಸತಕ್ಕದ್ದಲ್ಲ. ಹಳೆಯ ಬಟ್ಟೆ ಕುಗ್ಗುವಷ್ಟು ಎಂದೋ ಕುಗ್ಗಿರುತ್ತದೆ. ಹೊಸದು ಮೊದಲನೆಯ ಒಗೆತಕ್ಕೆ ಕುಗ್ಗಿ ಸುತ್ತಲಿನದನ್ನು ಸೆಳೆಯುತ್ತದೆ. ಕೆಂಪು ಖಣವನ್ನು ಪ್ರತ್ಯೇಕವಾಗಿ ನೆನೆಯಿಟ್ಟು, ಬಣ್ಣ ಬಿಡುವುದೋ ಇಲ್ಲವೋ ನೋಡಿಕೊಳ್ಳಬೇಕು. ನೈಲಾನ್, ಪಾಲಿಯೆಸ್ಟರ್‌ಗಳು ಬೆವರನ್ನು ಹೀರಲಾರವು. ಅವನ್ನು ಬೇರೆಯಾಗಿಯೇ ಇಡುವುದು ಲೇಸು.

ಅನಂತರ ಇಡಿಯ ಹಳೆಯ ಸೀರೆಯೊಂದನ್ನು ಅಸ್ತರವಾಗಿ ನೆಲದ ಮೇಲೆ ನೆರಿಗೆಯಿಲ್ಲದಂತೆ ಹಾಸಬೇಕು. ಅದರ ಮೇಲೆ ಒಳಪದರಗಳು. ಎಲ್ಲಕ್ಕೂ ಮೇಲೆ ಆಯ್ದ ತುಂಡುಗಳು. ದೊಡ್ಡ ದೊಡ್ಡ ಹೊಲಿಗೆಗಳಿಂದ ತಾತ್ಕಾಲಿಕವಾಗಿ ಹಿಡಿಸಿಕೊಂಡು, ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನೆಡೆಗೆ ಸಾಗಬೇಕು. ಹೊಲಿಗೆ ಅತಿ ಸರಳ: ಸೂಜಿ ಮೇಲೊಮ್ಮೆ ಕೆಳಗೊಮ್ಮೆ ಹಾಯುತ್ತದೆ, ಅಷ್ಟೆ. ಆದರೆ ಸಾಲಿನಿಂದ ಸಾಲಿಗೆ ಒಂದು ಬೆರಳಿಗಿಂತ ಹೆಚ್ಚು ಅಂತರವಿರಬಾರದು. ಇದು ಕೇವಲ ಅಂದದ ನಿಯಮವಲ್ಲ. ಜೀರ್ಣವಾದ ಬಟ್ಟೆಯನ್ನು ಎಳೆದರೆ ಎಲ್ಲಕ್ಕಿಂತ ದುರ್ಬಲವಾದ ಎಳೆ ಮೊದಲು ಹರಿಯುತ್ತದೆ. ಒತ್ತಾದ ಹೊಲಿಗೆಯು ಆ ಸೆಳೆತವನ್ನು ಎಲ್ಲ ಪದರಗಳಿಗೂ ಹಂಚುತ್ತದೆ. ಬಿಡಿಯಾಗಿ ಒಂದು ತಿಂಗಳೂ ಬಾಳದ ನಾಲ್ಕು ಬಟ್ಟೆಗಳು ಕೂಡಿ ವರ್ಷಗಟ್ಟಲೆ ಬಾಳುವುದರ ಗುಟ್ಟು ಇದೇ. ದಾರವೂ ಹತ್ತಿಯದೇ ಆಗಿರಬೇಕು. ನೈಲಾನ್ ದಾರವು ಹಳೆಯ ಬಟ್ಟೆಯನ್ನು ಕೊಯ್ಯುತ್ತದೆ.

ಈ ಕಲೆಯು ಅತಿ ಸ್ವತಂತ್ರವಾಗಿ ಬೆಳೆದಿರುವುದು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿಯರಲ್ಲಿ. ಆಫ್ರಿಕಾ ಮೂಲದ ಈ ಜನರ ಹೆಂಗಸರು ಹೊಲಿಯುವ ಕವಂದಿಯಲ್ಲಿ ತುಂಡುಗಳನ್ನು ಮುಂದಾಗಿ ಜೋಡಿಸುವ ಪದ್ಧತಿಯಿಲ್ಲ. ಒಂದು ಮೂಲೆಯಿಂದ ಹೊರಟು, ತುಂಡಿನ ಅಂಚನ್ನು ಒಳಕ್ಕೆ ಮಡಚುತ್ತ, ಹೊಲಿಯುತ್ತ ಹೊಲಿಯುತ್ತಲೇ ಹೊಸ ತುಂಡನ್ನು ಸೇರಿಸುತ್ತಾರೆ. ನಾಲ್ಕು ಮೂಲೆಗಳಿಗೂ ಮಡಚಿದ ಬಟ್ಟೆಯ ‘ಫೂಲ’ವನ್ನಿಟ್ಟ ಹೊರತು ಕೆಲಸ ಮುಗಿಯಿತೆಂದು ಭಾವಿಸುವುದಿಲ್ಲ. ಅಮೇರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರು ಇವುಗಳ ಅಧ್ಯಯನವನ್ನು ಕೈಗೊಂಡರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕವಂದಿಗಳ ಪ್ರದರ್ಶನವೂ ನಡೆಯಿತು. ನಮ್ಮ ಮನೆಯ ಮಂಚದ ಮೇಲಿದ್ದಾಗ ನಾವು ಕಣ್ಣೆತ್ತಿ ನೋಡದ ವಸ್ತು ಗೋಡೆಯನ್ನೇರಿದಾಗ ಕಲೆಯೆನಿಸಿಕೊಂಡಿತು.

ನಾಗಪುರವೂ ಬಟ್ಟೆಗೆ ಹೊಸ ಊರಲ್ಲ. ಇಲ್ಲಿನ ಕೋಷ್ಟಿ ನೇಕಾರರ ಮಗ್ಗಗಳು ಹಳೆಯವು. ಜಮ್‌ಶೆಟ್‌ಜಿ ಟಾಟಾ ಅವರ ಎಂಪ್ರೆಸ್ ಗಿರಣಿಯು 1877ರಲ್ಲಿ ಆರಂಭವಾಗಿ 2002ರಲ್ಲಿ ಮುಚ್ಚಿತು. ಆದುದರಿಂದ ಇಲ್ಲಿನ ಕನ್ನಡ ಮನೆಯ ಟ್ರಂಕಿನಲ್ಲಿ ಇಳಕಲ್ಲಿನ ಸೆರಗಿನ ಪಕ್ಕದಲ್ಲಿಯೇ ನಾಗಪುರದ ಗಿರಣಿಯ ಬಟ್ಟೆ ಮಲಗಿದ್ದರೆ ಆಶ್ಚರ್ಯವಿಲ್ಲ.

ನಮ್ಮ ತಾಯಿಯವರು ತೀರಿಕೊಂಡ ಎರಡು ವರ್ಷಗಳ ಮೇಲೆ ಅವರ ಟ್ರಂಕನ್ನು ತೆರೆದೆವು. ಒಳಗೆ 41 ತುಂಡುಗಳಿದ್ದವು. ಧಾರವಾಡದಿಂದ ಬಂದಿದ್ದ ಚಿಕ್ಕಮ್ಮ ಒಂದೊಂದನ್ನೇ ಎತ್ತಿ ನೋಡಿದರು. “ಇದು ನಿಮ್ಮ ಅಜ್ಜಿ ಕುಬಸದ ಖಣ, ನಿನ್ನ ತೊಟ್ಟಿಲಕ್ಕ ಹಾಕಿದ ದಿನ ತೊಟ್ಟಿದ್ರು” ಎಂದರು. ಹೀಗೆ 17 ತುಂಡುಗಳ ಗುರುತು ಸಿಕ್ಕಿತು. ಉಳಿದ 24 ತುಂಡುಗಳು ಯಾರವೆಂದು ಅವರಿಗೂ ತಿಳಿಯಲಿಲ್ಲ. ತಿಳಿದಿದ್ದವರು ಒಬ್ಬರೇ, ಅವರಿದ್ದಾಗ ನಾವು ಕೇಳಿರಲಿಲ್ಲ. ಪಕ್ಕದ ಮನೆಯ ಮರಾಠಿ ಆಜಿಯವರೂ ಹೊಲಿಯಲು ಕೂತರು. ಅವರು ಗೋಧಡಿ ಎಂದರು, ಚಿಕ್ಕಮ್ಮ ಕೌದಿ ಎಂದರು. ಹೊಲಿಗೆಯಲ್ಲಿ ಮಾತ್ರ ಭೇದ ಕಾಣಲಿಲ್ಲ. ಗುರುತಿಲ್ಲದ ತುಂಡುಗಳನ್ನೂ ನಾವು ಬಿಡಲಿಲ್ಲ.

ಶಾಸನ, ತಾಳೆಗರಿಗಳನ್ನು ಕಾಪಾಡಬೇಕೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ವಲಸೆ ಬಂದ ಸಂಸಾರಕ್ಕೆ ಕೌದಿಯೂ ಒಂದು ದಾಖಲೆಯೇ. ಆದರೆ ಅದನ್ನು ಓದಬಲ್ಲವರು ಹೋದ ಮೇಲೆ ಉಳಿಯುವುದು ಬರಿಯ ಬಟ್ಟೆ. ಆದುದರಿಂದ ವಾಚಕರಲ್ಲಿ ನನ್ನ ವಿನಂತಿ ಇಷ್ಟೆ: ಮನೆಯ ಹಿರಿಯರು ಇರುವಾಗಲೇ ಟ್ರಂಕನ್ನು ತೆರೆದು ಪ್ರತಿಯೊಂದು ತುಂಡಿನ ಊರು, ಒಡೆಯರು, ಸಂದರ್ಭ ಇವನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿರಿ. ಕೌದಿಯ ಹಿಂಬದಿಯಲ್ಲಿ ಬಿಳಿಯ ಪಟ್ಟಿಯೊಂದನ್ನು ಹಚ್ಚಿ, ಹೊಲಿದವರ ಹೆಸರು ಮತ್ತು ಇಸವಿಯನ್ನು ದಾರದಲ್ಲಿ ತೆಗೆಯಿಸಿರಿ. ಶಾಯಿ ಒಗೆತಕ್ಕೆ ನಿಲ್ಲದು, ದಾರ ನಿಲ್ಲುತ್ತದೆ.