ಬರೆದ ಚಿತ್ರಕ್ಕೆ ಚಲನೆ: ತಂತ್ರಾಂಶದ ಆಯ್ಕೆ

ಚಿತ್ರ ಬರೆಯುವ ಹವ್ಯಾಸವುಳ್ಳವರು ನಮ್ಮ ಕಾಲೇಜಿನಲ್ಲಿ ಅನೇಕರಿದ್ದಾರೆ. ನೋಟುಪುಸ್ತಕದ ಅಂಚಿನಲ್ಲಿ ಹಕ್ಕಿ, ಎತ್ತು, ಮುಖಗಳನ್ನು ಬಿಡಿಸುವ ಕೈಗಳು ಪ್ರತಿ ತರಗತಿಯಲ್ಲಿಯೂ ಉಂಟು. ಅವರಲ್ಲಿ ಕೆಲವರಿಗಾದರೂ ಈ ಹಕ್ಕಿ ಹಾರಿದರೆ ಎಷ್ಟು ಚೆನ್ನ ಎಂಬ ಆಸೆ ಹುಟ್ಟದೆ ಇರದು. ಆಸೆಯ ಬೆನ್ನಿಗೇ ಪ್ರಶ್ನೆಯೊಂದು ಬರುತ್ತದೆ: ಇದಕ್ಕೆ ಯಾವ ತಂತ್ರಾಂಶ ಒಳ್ಳೆಯದು? ಯಾವ ಬಂಡಿ ಒಳ್ಳೆಯದು ಎಂದು ಕೇಳಿದವನನ್ನು, ಊರು ಯಾವುದು, ಹೊರೆ ಎಷ್ಟು ಎಂದು ತಿರುಗಿ ಕೇಳುವುದು ಲೋಕರೂಢಿ. ತಂತ್ರಾಂಶದ ವಿಷಯದಲ್ಲಿಯೂ ಅದೇ ನ್ಯಾಯ. ಮಾಡಬೇಕಾದ ಕೆಲಸ ಯಾವುದು, ಕೈಯಲ್ಲಿರುವ ಯಂತ್ರ ಎಂಥದು ಎಂಬ ಎರಡು ಮಾತು ತಿಳಿದ ಮೇಲೆಯೇ ಹೆಸರಿನ ಮಾತು.

ಮೊದಲು ಚಲನೆಯ ಗುಟ್ಟನ್ನು ನೋಡೋಣ. ಪರದೆಯ ಮೇಲೆ ಯಾವ ಚಿತ್ರವೂ ನಿಜವಾಗಿ ಚಲಿಸುವುದಿಲ್ಲ. ಸ್ವಲ್ಪ ಸ್ವಲ್ಪವೇ ವ್ಯತ್ಯಾಸವುಳ್ಳ ನಿಶ್ಚಲ ಚಿತ್ರಗಳು ಒಂದರ ಹಿಂದೊಂದು ಬೇಗನೆ ಬಂದಾಗ ನಮ್ಮ ಮಿದುಳು ಅವುಗಳನ್ನು ಜೋಡಿಸಿ ಚಲನೆಯೆಂದು ಗ್ರಹಿಸುತ್ತದೆ. ಸಿನಿಮಾದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮುಗಳಿರುತ್ತವೆ. ಒಂದೊಂದು ಚಿತ್ರವನ್ನು ಎರಡು ಫ್ರೇಮುಗಳ ಕಾಲ ನಿಲ್ಲಿಸಿದರೆ 12 ಚಿತ್ರಗಳು ಸಾಕು. ಹಾಗಾದರೂ ಒಂದು ನಿಮಿಷಕ್ಕೆ 720 ಚಿತ್ರಗಳು ಬೇಕು. ಚಿತ್ರವೊಂದಕ್ಕೆ ಐದು ನಿಮಿಷವೆಂದರೂ ಅರವತ್ತು ಗಂಟೆಯ ದುಡಿಮೆ! ಈ ಲೆಕ್ಕವನ್ನು ಅರಿತವನು ಜಾಹೀರಾತಿಗೆ ಸುಲಭವಾಗಿ ಮರುಳಾಗಲಾರನು.

ವಿಷಯವು ಸ್ಪಷ್ಟವಾಗಲೆಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ದಾವಣಗೆರೆಯ ವಿದ್ಯಾರ್ಥಿಯೊಬ್ಬನು ನೆರೆಯ ಹರಿಹರದ ಹರಿಹರೇಶ್ವರ ದೇವಾಲಯದ ಬಗ್ಗೆ ಒಂದು ನಿಮಿಷದ ಚಿತ್ರವನ್ನು ಮಾಡಬಯಸುತ್ತಾನೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾಗಿದ್ದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ದೇವಾಲಯವಿದು. ಒಂದೇ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಅವನ ಮನಸ್ಸಿನಲ್ಲಿ ಮೂರು ದೃಶ್ಯಗಳಿವೆ: ತುಂಗಭದ್ರೆಯ ಮೇಲೆ ಹಾರುವ ಕೊಕ್ಕರೆ, ನಡೆದು ಬರುವ ಪೋಲಾಳ್ವ, ಕಣ್ಣೆದುರು ತೆರೆದುಕೊಳ್ಳುವ ಮಂಟಪ. ಮೂರೂ ಚಲಿಸುವ ಚಿತ್ರಗಳೇ. ಆದರೆ ಮೂರರ ಕೆಲಸವೂ ಬೇರೆ ಬೇರೆ.

ಕೊಕ್ಕರೆಯನ್ನು ಒಂದೊಂದಾಗಿ ಬರೆಯಬೇಕು. ರೆಕ್ಕೆಯ ಒಂದು ಬಡಿತಕ್ಕೆ ಎಂಟು ಚಿತ್ರ ಬರೆದುಕೊಂಡು ಅದನ್ನೇ ಮರಳಿ ಮರಳಿ ಓಡಿಸಿದರೆ ಹಕ್ಕಿ ನದಿಯನ್ನು ದಾಟುತ್ತದೆ. ಇಂಥ ಕೆಲಸದ ತಂತ್ರಾಂಶದಲ್ಲಿ ಮುಖ್ಯವಾಗಿ ಇರಬೇಕಾದ ಗುಣವೆಂದರೆ, ಹಿಂದಿನ ಚಿತ್ರವು ತೆಳುಕಾಗದದ ಕೆಳಗಿನಿಂದ ಕಂಡಂತೆ ಮಸುಕಾಗಿ ಕಾಣುವುದು. ಪೆನ್ಸಿಲ್ ಟೂಡಿ ಎಂಬ ತಂತ್ರಾಂಶದಲ್ಲಿ ಈ ಅನುಕೂಲವಿದೆ. ಅದು ಉಚಿತ, ಹಳೆಯ ಕಂಪ್ಯೂಟರಿಗೂ ಹಗುರ. ಕುಂಚದ ಬಣ್ಣದ ಸೊಗಸು ಬೇಕೆನ್ನುವವರಿಗೆ ಕ್ರಿಟಾ ಇದೆ. ಅದೂ ಉಚಿತ, ಆದರೆ ಯಂತ್ರ ಸ್ವಲ್ಪ ಗಟ್ಟಿಯಾಗಿರಬೇಕು. ಕಾಗದದ ಮೇಲೆಯೇ ಬರೆದು ಸ್ಕ್ಯಾನ್ ಮಾಡುವವರಿಗೆ ಓಪನ್‌ಟೂನ್ಜ್ ಹೆಚ್ಚು ಸಹಾಯಕ. ಗೆರೆಗಳನ್ನು ಶುದ್ಧಗೊಳಿಸಿ ಬಣ್ಣ ತುಂಬುವ ವ್ಯವಸ್ಥೆ ಅದರಲ್ಲಿದೆ. ಜಪಾನಿನ ಪ್ರಸಿದ್ಧ ಜಿಬ್ಲಿ ಸ್ಟುಡಿಯೋ 1997ರ 'ಪ್ರಿನ್ಸೆಸ್ ಮೊನೊನೊಕೆ' ಚಿತ್ರದ ಕಾಲದಿಂದ ಬಳಸಿದ ಟೂನ್ಜ್ ತಂತ್ರಾಂಶವೇ 2016ರಲ್ಲಿ ಈ ಹೆಸರಿನಿಂದ ಸರ್ವರಿಗೂ ಉಚಿತವಾಯಿತು. ಕಲಿಯುವುದು ಮಾತ್ರ ತುಸು ಕಷ್ಟ. ಫೋನು ಮಾತ್ರ ಉಳ್ಳವರು ಫ್ಲಿಪಾಕ್ಲಿಪ್‌ನಿಂದ ಆರಂಭಿಸಬಹುದು.

ಪೋಲಾಳ್ವನ ನಡಿಗೆಗೆ ಬೇರೆ ಉಪಾಯ ಲೇಸು. ನಮ್ಮ ತೊಗಲುಗೊಂಬೆಯವರು ಕೈ, ಕಾಲು, ತಲೆಗಳನ್ನು ಬೇರೆಯಾಗಿ ಕತ್ತರಿಸಿ, ಕೀಲುಗಳಲ್ಲಿ ಪೋಣಿಸಿ ಗೊಂಬೆಯನ್ನು ಆಡಿಸುತ್ತಾರಷ್ಟೆ. ಜರ್ಮನಿಯ ಲೋಟೆ ರೈನಿಗರ್ ಎಂಬ ಮಹಿಳೆ ಕತ್ತರಿಸಿದ ಕಪ್ಪು ಆಕೃತಿಗಳನ್ನು ಹೀಗೆಯೇ ಸರಿಸುತ್ತ ಫ್ರೇಮು ಫ್ರೇಮಾಗಿ ತೆಗೆದು, 1926ರಲ್ಲಿಯೇ 'ರಾಜಕುಮಾರ ಅಹ್ಮದನ ಸಾಹಸಗಳು' ಎಂಬ ಪೂರ್ಣಪ್ರಮಾಣದ ಚಿತ್ರವನ್ನು ನಿರ್ಮಿಸಿದರು. ಇಂದು ಅದೇ ಕೆಲಸವನ್ನು ಸಿನ್‌ಫಿಗ್ ಅಥವಾ ಓಪನ್‌ಟೂನ್ಜ್‌ನಲ್ಲಿ ಮಾಡಬಹುದು. ಒಮ್ಮೆ ಚೆನ್ನಾಗಿ ಬರೆದು, ಅಂಗಗಳನ್ನು ಬೇರೆ ಬೇರೆ ಪದರಗಳಲ್ಲಿಟ್ಟು, ಮೊದಲ ಮತ್ತು ಕೊನೆಯ ನಿಲುವನ್ನು ಸೂಚಿಸಿದರೆ ನಡುವಣ ನಿಲುವುಗಳನ್ನು ಯಂತ್ರವೇ ತುಂಬುತ್ತದೆ. ನೂರು ಚಿತ್ರದ ಶ್ರಮ ಹತ್ತು ತುಂಡುಗಳಲ್ಲಿ ಮುಗಿಯುತ್ತದೆ.

ಮಂಟಪಕ್ಕೆ ಬರೆಯಬೇಕಾದ ಅಗತ್ಯವೇ ಇಲ್ಲ. ಒಳ್ಳೆಯ ಫೋಟೋ ಸಾಕು. ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಮುಂದಿನ ಕಂಬ, ಹಿಂದಿನ ಗೋಡೆ, ಆಚೆಯ ಆಕಾಶ ಇವುಗಳನ್ನು ಬೇರ್ಪಡಿಸಿ, ಹತ್ತಿರದ ಪದರವನ್ನು ಬೇಗನೆ, ದೂರದ್ದನ್ನು ನಿಧಾನವಾಗಿ ಸರಿಸಬೇಕು. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಮರಗಳು ಓಡಿ, ದೂರದ ಗುಡ್ಡ ನಿಂತಂತೆ ಕಾಣುವುದಿಲ್ಲವೆ? ಅದೇ ತತ್ತ್ವ. ಪದರಗಳನ್ನು ಹೀಗೆ ಸರಿಸಲು ಬ್ಲೆಂಡರ್ ಸಮರ್ಥವಾದುದು. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ 'ಫ್ಲೋ' ಎಂಬ ಅನಿಮೇಷನ್ ಚಿತ್ರ ತಯಾರಾದುದು ಈ ಉಚಿತ ತಂತ್ರಾಂಶದಲ್ಲಿಯೇ. ಇನ್ನು, ನಿಜವಸ್ತುವನ್ನು ಸ್ವಲ್ಪ ಸ್ವಲ್ಪ ಸರಿಸಿ ಫೋಟೋ ತೆಗೆಯುವ ಮಾರ್ಗವೂ ಇದೆ. ಅದಕ್ಕೆ ಫೋನನ್ನು ಅಲುಗದಂತೆ ನಿಲ್ಲಿಸಿದರೆ ಅರ್ಧ ಕೆಲಸವಾದಂತೆ. ದಾದಾಸಾಹೇಬ್ ಫಾಲ್ಕೆಯವರು 1912ರಲ್ಲಿ ಬಟಾಣಿ ಗಿಡವೊಂದು ಬೆಳೆಯುವುದನ್ನು ದಿನಕ್ಕೊಂದು ಫ್ರೇಮಿನಂತೆ ತೆಗೆದು ತೋರಿಸಿದಾಗ ತಂತ್ರಾಂಶವೆಂಬ ಮಾತೇ ಇರಲಿಲ್ಲ. ತಾಳ್ಮೆಯೇ ಅವರ ತಂತ್ರಾಂಶ.

ಈಗ ಹಣದ ಮಾತು. ಮನೆಯಲ್ಲಿ ಮೊದಲ ಬಾರಿಗೆ ಪದವಿ ತರಗತಿಗೆ ಬಂದ ನನ್ನಂಥವರು ಬಸ್ ಪಾಸಿನ ದುಡ್ಡಿಗೂ ಲೆಕ್ಕವಿಡಬೇಕಾಗುತ್ತದೆ. ತಿಂಗಳು ತಿಂಗಳೂ ಬಾಡಿಗೆ ಕೇಳುವ ತಂತ್ರಾಂಶವನ್ನು ಕೊಂಡು, ಬಾಡಿಗೆ ನಿಂತ ದಿನ ನಮ್ಮ ಚಿತ್ರವನ್ನು ನಾವೇ ತೆರೆಯಲಾಗದ ಸ್ಥಿತಿ ಬರಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ. ಕಳ್ಳಪ್ರತಿಗಳ ದಾರಿಯಂತೂ ಬೇಡ. ಅವುಗಳೊಡನೆ ವೈರಸ್ಸೂ ಬರಬಹುದು. ಉಚಿತವಾಗಿ, ನ್ಯಾಯವಾಗಿ ದೊರೆಯುವುದು ಇಷ್ಟಿರುವಾಗ ಕದಿಯುವ ಅಗತ್ಯವಾದರೂ ಏನು?

ಕೃತಕ ಬುದ್ಧಿಮತ್ತೆಯ ಸಾಧನಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಫೋಟೋ ಒಂದನ್ನು ಕೊಟ್ಟರೆ ಕ್ಷಣದಲ್ಲಿ ಅದನ್ನು ಚಲಿಸುವಂತೆ ಮಾಡುವ ಸಾಧನಗಳು ಈಗ ಹಲವು. ಮಕ್ಕಳು ಬರೆದ ಮನುಷ್ಯನ ಚಿತ್ರವನ್ನು ಕುಣಿಸುವ ಪ್ರಯೋಗವನ್ನು ಮೆಟಾ ಸಂಸ್ಥೆ 2021ರಲ್ಲಿಯೇ ಜನರ ಮುಂದಿಟ್ಟಿತು. ಇವು ನಿರುಪಯುಕ್ತವೆಂದು ನಾನು ಹೇಳಲಾರೆ. ಕಲ್ಪನೆಯೊಂದನ್ನು ಬೇಗನೆ ಪರೀಕ್ಷಿಸಲು ಒದಗುತ್ತವೆ. ಆದರೆ ಫೋಟೋದಲ್ಲಿ ಕಾಣದ ಭಾಗವನ್ನು ಇವು ಊಹಿಸಿ ತುಂಬುತ್ತವೆ. ಹರಿಹರದ ಕಂಬದ ಹಿಂದೆ ಶಿಲ್ಪಿ ಕಡೆಯದ ಬಳ್ಳಿಯೊಂದು ಮೂಡಬಹುದು; ನೋಡಿದವರು ಅದನ್ನೇ ನಿಜವೆಂದು ನಂಬಬಹುದು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಇದನ್ನು ಲಘುವಾಗಿ ಎಣಿಸಲಾಗದು. ಅಲ್ಲದೆ ಹೀಗೆ ಪಡೆದ ಚಿತ್ರದಲ್ಲಿ ಹಕ್ಕಿ ಹಾರಿದರೂ ರೆಕ್ಕೆ ಹೇಗೆ ಬಡಿಯುತ್ತದೆಂಬುದನ್ನು ನಾವು ಕಲಿತಂತಾಗುವುದಿಲ್ಲ. ಪರರ ಮುಖವುಳ್ಳ ಫೋಟೋಗಳನ್ನು ಅವರ ಒಪ್ಪಿಗೆಯಿಲ್ಲದೆ ಇಂಥ ಕಡೆ ಕಳುಹಿಸುವುದೂ ತರವಲ್ಲ.

ಕಡೆಯದಾಗಿ, ಮಾಡಿದ್ದನ್ನು ಕಾಪಾಡುವ ಬಗೆ. ಒಂದು ಕಾಲದಲ್ಲಿ ಅಂತರ್ಜಾಲದ ಅನಿಮೇಷನ್ ಎಂದರೆ ಫ್ಲ್ಯಾಶ್ ಎಂಬಷ್ಟು ಅದು ಪ್ರಚಾರದಲ್ಲಿತ್ತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರಿಗೆ ಬೆಂಬಲ ನಿಂತಿತು. ಅದನ್ನೇ ನಂಬಿದ್ದ ಅಸಂಖ್ಯ ಚಿತ್ರಗಳು ಬ್ರೌಸರಿನಲ್ಲಿ ಮೂಕವಾದವು. ಆದುದರಿಂದ ಯಾವ ತಂತ್ರಾಂಶದಲ್ಲಿ ದುಡಿದರೂ ಕೊನೆಗೆ ಪ್ರತಿಯೊಂದು ಫ್ರೇಮನ್ನೂ ಪಿಎನ್‌ಜಿ ಚಿತ್ರವಾಗಿ ಬೇರೆಯಾಗಿ ಉಳಿಸಬೇಕು. ಮೂಲ ಕಾಗದಗಳನ್ನೂ ಎಸೆಯಬಾರದು.

ಆಯ್ಕೆಯಲ್ಲಿ ಸಂದೇಹ ಉಳಿದವರಿಗೆ ಸುಲಭ ಪರೀಕ್ಷೆಯೊಂದಿದೆ. ಪುಟಿಯುವ ಚೆಂಡಿನ ಐದು ಸೆಕೆಂಡಿನ ಚಿತ್ರವನ್ನು ಎರಡು ತಂತ್ರಾಂಶಗಳಲ್ಲಿ ಮಾಡಿನೋಡಿ. ಯಾವುದರಲ್ಲಿ ಕೆಲಸ ಪೂರ್ಣವಾಯಿತೋ ಅದೇ ನಿಮಗೆ ತಕ್ಕುದು. ಈ ಉಚಿತ ತಂತ್ರಾಂಶಗಳನ್ನು ನಮ್ಮ ಕಾಲೇಜಿನ ಗಣಕ ಕೊಠಡಿಯಲ್ಲಿ ಅಳವಡಿಸಲು ಅಧ್ಯಾಪಕರು ಮನಸ್ಸು ಮಾಡಿದರೆ, ಮುಂದಿನ ವಾರ್ಷಿಕೋತ್ಸವದಲ್ಲಿ ನಮ್ಮವರೇ ಬರೆದ ಒಂದು ನಿಮಿಷದ ಚಿತ್ರವನ್ನು ನೋಡುವುದು ಅಸಾಧ್ಯವೇನಲ್ಲ.